ಕ್ರೀಡಾ ವಿಭಾಗಕ್ಕೆ ಸೂಚನೆ: ಆಟಗಾರ್ತಿಯರ ಸುದ್ದಿಯಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಡೆಸ್ಕ್‌ನವರು, ವರದಿಗಾರರು, ಫೋಟೊಗ್ರಾಫರ್‌ಗಳು, ಜಿಲ್ಲೆಗಳಿಂದ ಸುದ್ದಿ ಕಳಿಸುವವರು, ವೆಬ್‌ಸೈಟಿಗೆ ತಲೆಬರಹ ಕೊಡುವವರು ಎಲ್ಲರಿಗೂ ಇದು ಅನ್ವಯ. ಸಲಹೆ ಎಂದು ತಿಳಿಯಬೇಡಿ. ಇವತ್ತು ರಾತ್ರಿಯ ಪುಟದಿಂದಲೇ ಜಾರಿ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. 2005ರಲ್ಲಿ ಸಾನಿಯಾ ಮಿರ್ಜಾ ಅಮೆರಿಕ ಓಪನ್ ಟೂರ್ನಿಯ ನಾಲ್ಕನೇ ಸುತ್ತಿಗೆ ಹೋಗಿ ಮರಿಯಾ ಶರಪೋವಾ ಎದುರು ಸೋತರು. ಅವತ್ತಿನ ಪಾಳಿ ನನ್ನದು. ‘ರಷ್ಯಾ ಬೆಡಗಿಗೆ ಮಣಿದ ಮೂಗುತಿ ಸುಂದರಿ’ ಎಂದು ತಲೆಬರಹ ಕೊಟ್ಟೆ. ಪ್ರಾಸ ಕೂಡಿತು, ಜಾಗಕ್ಕೆ ಸರಿಯಾಗಿ ಕೂತಿತು, ಪಕ್ಕದ ಮೇಜಿನವರು ಭೇಷ್ ಎಂದರು. ಆ ಕತ್ತರಿಕೆ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ಅದರಲ್ಲಿ ಎರಡು ದೇಶದ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಒಂದು ಮೂಗುತಿ ಇದೆ. ಟೆನಿಸ್ ಇಲ್ಲ. ಸಾನಿಯಾರ ಫೋರ್‌ಹ್ಯಾಂಡ್ ಎಷ್ಟು ಬಿರುಸು, ಎರಡನೇ ಸರ್ವ್ ಎಷ್ಟು ಪೇಲವ, ಶರಪೋವಾ ಅದನ್ನು ಹೇಗೆ ಬಳಸಿಕೊಂಡರು ಎಂಬುದರ ಸುಳಿವೂ ಇಲ್ಲ. ಓದುಗರು ಐದು ಪದ ಓದಿದರು, ಆಟದ ಬಗ್ಗೆ ಸೊನ್ನೆ ತಿಳಿದುಕೊಂಡರು. ಈ ಸೂಚನೆಯಲ್ಲಿ ಮುಂದೆ ಬರುವುದೆಲ್ಲ ಆ ಸೊನ್ನೆಯ ಬಗ್ಗೆಯೇ.

ಪದಗಳು

ಬೆಡಗಿ, ಚೆಲುವೆ, ಸುಂದರಿ, ಕುವರಿ, ನಾರಿಮಣಿ, ಗ್ಲಾಮರ್ ಗೊಂಬೆ, ನ್ಯಾಷನಲ್ ಕ್ರಶ್: ಇವು ಕ್ರೀಡಾಪುಟದಲ್ಲಿ ಕಾಣಕೂಡದು. ಏಜೆನ್ಸಿ ಕಾಪಿಯಲ್ಲಿ ಬಂದರೂ ಅನುವಾದಿಸುವಾಗ ಹಾರಿಸಿ. ‘ಹೊಗಳಿಕೆಯೇ ಅಲ್ವಾ ಸಾರ್’ ಎಂದು ಕೇಳಬೇಡಿ. ಅಶ್ವಿನಿ ನಾಚಪ್ಪ ಒಮ್ಮೆ ಓಟದಲ್ಲಿ ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದರು. ಉಷಾ ಅವರನ್ನು ದೇಶದೊಳಗೆ ಯಾರೂ ಮುಟ್ಟಲಾಗದ ಕಾಲ ಅದು. ಕೊಡಗಿನ ಈ ಓಟಗಾರ್ತಿಯ ಬಗ್ಗೆ ನಮ್ಮ ಪತ್ರಿಕೆಗಳಿಗೆ ಅಂಟಿಕೊಂಡದ್ದು ಮಾತ್ರ ‘ಭಾರತದ ಫ್ಲೋ-ಜೋ’ ಎಂಬ, ಅಮೆರಿಕದ ಓಟಗಾರ್ತಿಯೊಬ್ಬರ ಹೆಸರಿನ ಬಿರುದು. ಅದರ ಅರ್ಧ ಭಾಗ ಓಟಕ್ಕೆ, ಅರ್ಧ ಭಾಗ ಉಡುಗೆಗೆ. ಅವರು ಸ್ಟಾರ್ಟಿಂಗ್ ಬ್ಲಾಕ್‌ನಿಂದ ಹೇಗೆ ಹೊರಡುತ್ತಿದ್ದರು ಎಂದು ಕೇಳಿದರೆ ನಮ್ಮ ಹಳೆಯ ಪುಟಗಳಲ್ಲಿ ಉತ್ತರ ಸಿಗುವುದಿಲ್ಲ.

‘ವನಿತೆಯರು’ ಬೇಡ. ಮಹಿಳೆಯರು ಎಂದೇ ಬರೆಯಿರಿ. ಜಾಗ ಉಳಿಯುತ್ತದೆ ಎಂಬ ನೆಪ ಹೇಳುವವರು ಎಣಿಸಿ ನೋಡಲಿ: ಎರಡಕ್ಕೂ ಐದೇ ಅಕ್ಷರ.

‘ಪಂದ್ಯ ಪುರುಷೋತ್ತಮ’ ಇವತ್ತಿಗೆ ನಿವೃತ್ತ. ಐದು ವಿಕೆಟ್ ಕಿತ್ತ ಹೆಣ್ಣುಮಗಳು ‘ಪುರುಷೋತ್ತಮ ಪ್ರಶಸ್ತಿಗೆ ಭಾಜನರಾದರು’ ಎಂದು ಅಚ್ಚಾದದ್ದನ್ನು ನಾನೇ ಕಂಡಿದ್ದೇನೆ. ಗಂಡಾಗಲಿ, ಹೆಣ್ಣಾಗಲಿ ‘ಪಂದ್ಯಶ್ರೇಷ್ಠ’. ಬ್ಯಾಟ್ಸ್‌ಮನ್ ಪದವನ್ನು ಕ್ರಿಕೆಟ್ ನಿಯಮ ಬರೆಯುವ ಎಂಸಿಸಿಯೇ 2021ರಲ್ಲಿ ಕೈಬಿಟ್ಟಿದೆ. ಬ್ಯಾಟರ್ ಎನ್ನಿ. ಆಟಗಾರ್ತಿ, ಓಟಗಾರ್ತಿ, ನಾಯಕಿ ಇರಲಿ. ಕನ್ನಡದಲ್ಲಿ ಲಿಂಗ ಇದೆ, ಅದಕ್ಕೆ ನಾಚಿಕೆ ಬೇಡ. ಆದರೆ ‘ನಾಯಕಿ’ ಎಂಬ ಪದ ಸಿಕ್ಕಿತೆಂದು ಸಿನಿಮಾ ಶ್ಲೇಷೆ ಹೊಸೆಯಕೂಡದು.

ಕ್ರಿಯಾಪದ ನೋಡಿಕೊಳ್ಳಿ. ಇದು ನಮ್ಮ ಭಾಷೆಯಲ್ಲೇ ಇರುವ ಬಲೆ, ಇಂಗ್ಲಿಷ್‌ನವರಿಗೆ ಈ ಕಷ್ಟವಿಲ್ಲ. ‘ರಾಹುಲ್ ಶತಕ ಬಾರಿಸಿದರು’ ಎಂದು ಬರೆದ ಕೈಯೇ ಕೆಳಗಿನ ಸುದ್ದಿಯಲ್ಲಿ ‘ಆಕೆ ಚಿನ್ನ ಗೆದ್ದಳು’ ಎನ್ನುತ್ತದೆ. ವಿಡಿಯೊಗಳ ಹಿನ್ನೆಲೆ ದನಿಯಲ್ಲಂತೂ ‘ನೋಡಿ ಈ ಹುಡುಗಿ ಹೇಗೆ ಓಡ್ತಾಳೆ’. ಶಾಲಾ ಕ್ರೀಡಾಕೂಟದ ಮಕ್ಕಳನ್ನು ಬಿಟ್ಟು ಉಳಿದವರಿಗೆಲ್ಲ ಬಹುವಚನ, ಹುಡುಗನಿಗೂ ಹುಡುಗಿಗೂ. ಹೆಸರಿನಲ್ಲೂ ಅಷ್ಟೇ. ಹೆಣ್ಣುಮಕ್ಕಳನ್ನೂ ಕುಲನಾಮದಿಂದಲೇ ಕರೆಯಬೇಕು ಎಂಬ ಇಂಗ್ಲಿಷ್ ಪತ್ರಿಕೆಗಳ ನಿಯಮ ನಮಗೆ ಒಗ್ಗುವುದಿಲ್ಲ. ನಾವು ರಾಹುಲ್ ಅವರನ್ನೂ ರಾಹುಲ್ ಎಂದೇ ಕರೆಯುವವರು. ಕ್ರಿಕೆಟಿಗ ರಾಜೇಶ್ವರಿ ಗಾಯಕವಾಡ್ ಅವರನ್ನು ರಾಜೇಶ್ವರಿ ಎನ್ನಿ, ಗಾಯಕವಾಡ್ ಎನ್ನಿ. ‘ನಮ್ಮ ರಾಜಿ’ ಎನ್ನಬೇಡಿ.

ಒಂದೇ ಪುಟದಲ್ಲಿ ಮೇಲೆ ‘ಭಾರತ ತಂಡ’, ಕೆಳಗೆ ‘ಭಾರತ ಮಹಿಳಾ ತಂಡ’ ಬೇಡ. ಮೇಲಿನದು ‘ಪುರುಷರ ತಂಡ’ ಆಗಲಿ, ಇಲ್ಲವೇ ಎರಡೂ ಬರೀ ಭಾರತ ಆಗಲಿ.

ಕೇಳಬಾರದ ಪ್ರಶ್ನೆ

2017ರ ವಿಶ್ವಕಪ್ ಶುರುವಾಗುವ ಹೊತ್ತಿಗೆ ಮಿಥಾಲಿ ರಾಜ್ ಅವರನ್ನು ಒಬ್ಬ ಪತ್ರಕರ್ತರು ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದರು. ಮಿಥಾಲಿ ತಿರುಗಿಸಿ ಕೇಳಿದ್ದು ಇಷ್ಟು: ಪುರುಷ ಆಟಗಾರರ ಬಳಿ ಹೋಗಿ ಅವರ ಮೆಚ್ಚಿನ ಆಟಗಾರ್ತಿ ಯಾರು ಎಂದು ಕೇಳುತ್ತೀರಾ? ಅದರ ಹಿಂದಿನ ವರ್ಷ ಸಾನಿಯಾ ತಮ್ಮ ಆತ್ಮಕಥೆ ಬಿಡುಗಡೆಯ ಸಮಯದಲ್ಲಿ ಟಿ.ವಿ.ಗೆ ಸಂದರ್ಶನ ಕೊಟ್ಟಾಗ ‘ಯಾವಾಗ ನೆಲೆಯೂರುತ್ತೀರಿ, ತಾಯಿಯಾಗುವುದು ಯಾವಾಗ’ ಎಂಬ ಧಾಟಿಯ ಪ್ರಶ್ನೆ ಬಂತು. ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನದಲ್ಲಿದ್ದವರನ್ನು ನೆಲೆಯೂರಿಲ್ಲ ಎಂದದ್ದು! ಸಂದರ್ಶಕರು ಕ್ಯಾಮೆರಾ ಮುಂದೆಯೇ ಕ್ಷಮೆ ಕೇಳಿದರು. ಅದೂ ಕಲಿಯಬೇಕಾದ್ದೇ.

ಆದ್ದರಿಂದ: ಮದುವೆ ಯಾವಾಗ, ಅಡುಗೆ ಬರುತ್ತಾ, ಮೇಕಪ್ ಯಾವುದು, ಅಮ್ಮ ಬೈಯಲ್ವಾ, ಬಾಯ್‌ಫ್ರೆಂಡ್ ಇದ್ದಾರಾ ಎಂದು ಕೇಳಬೇಡಿ. ಮೈದಾನದ ಅಂಚಿನಲ್ಲಿ ಕೋಚ್ ಹತ್ತಿರವೂ ಮೆಲ್ಲಗೆ ಕೇಳಬೇಡಿ. ಪ್ರಶ್ನೆ ಸರಿಯೋ ತಪ್ಪೋ ಎಂಬ ಅನುಮಾನ ಬಂದರೆ ಅದನ್ನೇ ಮನಸ್ಸಿನಲ್ಲಿ ಜಸ್‌ಪ್ರೀತ್ ಬೂಮ್ರಾ ಅವರಿಗೆ ಕೇಳಿ ನೋಡಿ. ನಗು ಬಂದರೆ ಆ ಪ್ರಶ್ನೆ ಬೇಡ.

ತಾಯ್ತನ ಆಟದ ಸುದ್ದಿಯೇ ಆಗುವುದುಂಟು. ಸಾನಿಯಾ ಮಗು ಹುಟ್ಟಿದ ನಂತರ ಮರಳಿ ಬಂದು 2020ರ ಜನವರಿಯಲ್ಲಿ ಹೋಬರ್ಟ್‌ನಲ್ಲಿ ಡಬಲ್ಸ್ ಪ್ರಶಸ್ತಿ ಗೆದ್ದರು. ಮೇರಿ ಕೋಮ್ 2018ರಲ್ಲಿ ದಿಲ್ಲಿಯಲ್ಲಿ ಆರನೇ ವಿಶ್ವ ಚಾಂಪಿಯನ್‌ಷಿಪ್ ಗೆಲ್ಲುವಾಗ ಮೂರು ಮಕ್ಕಳನ್ನು ಹೆತ್ತಿದ್ದರು. ಇದನ್ನು ಬಿಟ್ಟು ಬರೆದರೆ ಕಥೆ ಅರ್ಧ. ಆದರೆ ‘ಸೂಪರ್ ಮಾಮ್’ ಎಂದು ಬರೆದು ಕೈತೊಳೆದುಕೊಂಡರೂ ಅರ್ಧವೇ. ಎಷ್ಟು ತಿಂಗಳು ಆಟ ಬಿಟ್ಟರು, ತೂಕ ಹೇಗೆ ಇಳಿಸಿದರು, ರ‍್ಯಾಂಕಿಂಗ್ ಏನಾಯಿತು, ಮಗುವನ್ನು ಯಾರು ನೋಡಿಕೊಂಡರು ಎಂದು ಬರೆಯಿರಿ. ಹಾಗೇ ಎರಡು ತಿಂಗಳ ಪ್ರವಾಸ ಹೊರಟ ಪುರುಷ ಆಟಗಾರನನ್ನೂ ಒಮ್ಮೆ ಕೇಳಿ, ಮನೆಯಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು. ಒಳ್ಳೆಯ ಸುದ್ದಿ ಸಿಕ್ಕೀತು.

ರೈತನ ಮಗಳು

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೋರಿ ಕಾಗ್ಡೆಲ್ ಟ್ರ್ಯಾಪ್ ಶೂಟಿಂಗ್‌ನಲ್ಲಿ ಕಂಚು ಗೆದ್ದಾಗ ಷಿಕಾಗೊದ ಪತ್ರಿಕೆಯೊಂದು ಅವರನ್ನು ಸ್ಥಳೀಯ ಫುಟ್‌ಬಾಲ್ ತಂಡದ ಆಟಗಾರನ ಹೆಂಡತಿ ಎಂದು ಟ್ವೀಟ್ ಮಾಡಿತು. ಹೆಸರೇ ಇಲ್ಲ. ಜಗತ್ತೆಲ್ಲ ಬೈಯಿತು. ನಾವೂ ಆ ಬೈಗುಳದ ಸುದ್ದಿಯನ್ನು ಹಾಕಿ ಮಜಾ ತಗೊಂಡೆವು. ವಿಂಬಲ್ಡನ್‌ನ ಚಾಂಪಿಯನ್ನರ ಫಲಕದಲ್ಲಿ 1981ರ ಮುಂದೆ ಕ್ರಿಸ್ ಎವರ್ಟ್ ಎಂದಿರಲಿಲ್ಲ, ‘ಮಿಸೆಸ್ ಜೆ.ಎಂ. ಲಾಯ್ಡ್’ ಎಂದಿತ್ತು. ಆ ಇನಿಷಿಯಲ್‌ಗಳು ಗಂಡನವು. ಅದನ್ನು ಅಳಿಸಿದ್ದು 2022ರಲ್ಲಿ.

ಈಗ ನಮ್ಮದೇ ಜಿಲ್ಲಾ ಪುಟಗಳನ್ನು ತಿರುವಿ. ‘ರೈತನ ಮಗಳಿಗೆ ಚಿನ್ನ.’ ‘ಆಟೊ ಚಾಲಕನ ಪುತ್ರಿಯ ಸಾಧನೆ.’ ‘ಕೂಲಿಕಾರನ ಮಗಳು ರಾಷ್ಟ್ರಮಟ್ಟಕ್ಕೆ.’ ಗಂಡನ ಜಾಗದಲ್ಲಿ ಅಪ್ಪ ಕೂತಿದ್ದಾನೆ ಅಷ್ಟೇ, ಹುಡುಗಿಯ ಹೆಸರು ಇಲ್ಲೂ ಇಲ್ಲ. ಹುಡುಗರಿಗೂ ‘ರೈತನ ಮಗ’ ಎಂದು ಹಾಕುತ್ತೇವೆ ಎನ್ನುತ್ತೀರಿ. ಹಾಕುತ್ತೀರಿ, ಆದರೆ ಎರಡನೇ ಪದಕಕ್ಕೆ ಅವನಿಗೆ ಹೆಸರು ಬರುತ್ತದೆ. ಅವಳು ನಾಲ್ಕನೇ ಪದಕಕ್ಕೂ ಮಗಳಾಗಿಯೇ ಉಳಿಯುತ್ತಾಳೆ.

ತಲೆಬರಹದಲ್ಲಿ ಹೆಸರು ಮತ್ತು ಆಟ ಕಡ್ಡಾಯ. ಅಪ್ಪನ ಕಸುಬು ಒಳಗೆ ಬರಲಿ, ಅದೂ ಆಟಕ್ಕೆ ಸಂಬಂಧ ಇದ್ದರೆ. 2025ರ ಜನವರಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಇಂಥ ಸುದ್ದಿಯಲ್ಲಿ ಊರಿನ ಮೆರವಣಿಗೆಗೆ ಮೂರು ಪ್ಯಾರಾ ಕೊಟ್ಟು ಆಟಕ್ಕೆ ಒಂದು ಸಾಲು ಕೊಡಬೇಡಿ. ಎಷ್ಟು ಹೊತ್ತು ಸಿಕ್ಕದೆ ಓಡಿದರು, ಕಂಬದ ಹತ್ತಿರ ಹೇಗೆ ತಿರುಗಿದರು, ಅಟ್ಟಿಸಿಕೊಂಡು ಬಂದವರನ್ನು ಯಾವ ಕಡೆಗೆ ಏಮಾರಿಸಿದರು ಎಂದು ಕೇಳಿ ಬರೆಯಿರಿ. ಕೊಕ್ಕೊ ಆಡದ ಕನ್ನಡ ಶಾಲೆ ಯಾವುದಿದೆ? ಓದುಗರಿಗೆ ಅರ್ಥವಾಗುತ್ತದೆ.

ದಾಖಲೆ

‘ಮೊದಲ’, ‘ಅತಿ ಹೆಚ್ಚು’, ‘ಇತಿಹಾಸದಲ್ಲೇ’ ಎಂದು ಬರೆಯುವ ಮುನ್ನ ಪುರುಷ ಮತ್ತು ಮಹಿಳಾ ಪಟ್ಟಿ ಎರಡನ್ನೂ ತೆರೆದು ನೋಡಬೇಕು. ಏಕದಿನ ಕ್ರಿಕೆಟ್‌ನ ಮೊದಲ ದ್ವಿಶತಕ ಸಚಿನ್ ತೆಂಡೂಲ್ಕರ್ ಅವರದ್ದಲ್ಲ. ಅವರು 2010ರಲ್ಲಿ ಗ್ವಾಲಿಯರ್‌ನಲ್ಲಿ ಹೊಡೆಯುವ 12 ವರ್ಷ ಮೊದಲೇ, 1997ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ, ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ಎದುರು ಔಟಾಗದೆ 229 ಹೊಡೆದಿದ್ದರು. ಕ್ರಿಕೆಟ್‌ನ ಮೊದಲ ವಿಶ್ವಕಪ್ 1975ರದ್ದಲ್ಲ, ಮಹಿಳೆಯರು 1973ರಲ್ಲೇ ಆಡಿದ್ದರು. ಮೊದಲ ಅಂತರರಾಷ್ಟ್ರೀಯ ಟಿ20 ಪಂದ್ಯವೂ ಮಹಿಳೆಯರದ್ದೇ, 2004ರಲ್ಲಿ. ಫುಟ್‌ಬಾಲ್ ವಿಶ್ವಕಪ್‌ಗಳಲ್ಲಿ ಜರ್ಮನಿಯ ಕ್ಲೋಸೆ ಹೊಡೆದ ಗೋಲು 16, ಬ್ರೆಜಿಲ್‌ನ ಮಾರ್ತಾ ಹೊಡೆದದ್ದು 17.

ಉಲ್ಟಾ ತಪ್ಪೂ ಬೇಡ. ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದಾಗ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಪದಕ ಪಡೆದ ‘ಭಾರತದ ಮೊದಲ ಮಹಿಳೆ’ ಆಗಲಿಲ್ಲ. ಭಾರತದ ಮೊದಲಿಗರೇ ಆದರು. ನೀರಜ್ ಚೋಪ್ರಾ ಎರಡನೆಯವರು, ಅದೂ 19 ವರ್ಷದ ನಂತರ.

2017ರ ವಿಂಬಲ್ಡನ್‌ನಲ್ಲಿ ಸ್ಯಾಮ್ ಕ್ವೆರಿ ಎದುರು ಸೋತು ಬಂದು ಕೂತಿದ್ದ ಆ್ಯಂಡಿ ಮರ್ರಿ, ‘2009ರ ನಂತರ ಗ್ರ್ಯಾನ್‌ಸ್ಲಾಂ ಸೆಮಿಫೈನಲ್ ತಲುಪಿದ ಮೊದಲ ಅಮೆರಿಕನ್’ ಎಂದ ವರದಿಗಾರನ ಮಾತನ್ನು ಅಲ್ಲೇ ತಡೆದು ‘ಪುರುಷ’ ಎಂದು ಸೇರಿಸಿದರು. ಸೆರೆನಾ ಅಷ್ಟರಲ್ಲಿ ಎಷ್ಟು ಫೈನಲ್ ಆಡಿದ್ದರು ಎಂದು ಲೆಕ್ಕ ಹಾಕಿಕೊಳ್ಳಿ. ಸೋತ ಆಟಗಾರ ಮಾಡಬಲ್ಲ ತಿದ್ದುಪಡಿಯನ್ನು ಸಂಬಳ ತೆಗೆದುಕೊಳ್ಳುವ ಡೆಸ್ಕ್ ಮಾಡಬೇಕು.

ಲೇಡಿ ಸಚಿನ್, ಮಹಿಳಾ ಕೊಹ್ಲಿ ಇತ್ಯಾದಿ ಬೇಡವೇ ಬೇಡ. 7,805 ಏಕದಿನ ರನ್ ಹೊಡೆದ ಮಿಥಾಲಿಯ ಹೆಸರೇ ಸಾಕು. ಹಾಗೊಂದು ವೇಳೆ ಹೋಲಿಕೆ ಬೇಕೇ ಬೇಕೆಂದರೆ ಶಾಂತಾ ರಂಗಸ್ವಾಮಿ ನೆನಪಾಗಲಿ. 1976ರಲ್ಲಿ ಭಾರತ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, ಅವರದೇ ನಾಯಕತ್ವದಲ್ಲಿ. ಭಾರತದ ಪರ ಮಹಿಳಾ ಟೆಸ್ಟ್‌ನ ಮೊದಲ ಶತಕ ಹೊಡೆದವರೂ ಅವರೇ, 1977ರಲ್ಲಿ ಡುನೆಡಿನ್‌ನಲ್ಲಿ. ‘ಶಾಂತಾ ಹೊಡೆದಂತೆ ಹೊಡೆದರು’ ಎಂದು ಯಾರಾದರೂ ಬರೆದರೆ ಆ ಕಾಪಿಗೆ ನನ್ನ ಖರ್ಚಿನಲ್ಲಿ ಕಾಫಿ.

ಆಟ ಬರೆಯಿರಿ

ಇದೇ ಮುಖ್ಯ. ಮೇಲಿನ ಎಲ್ಲ ಪದಗಳನ್ನು ಕಿತ್ತುಹಾಕಿ ಕಾಪಿಯನ್ನು ಶುದ್ಧ ಮಾಡಿದಿರಿ, ಆದರೂ ಅದು ಸತ್ತಂತೆ ಬಿದ್ದಿರಬಹುದು. ಸದರ್ನ್ ಕ್ಯಾಲಿಫೋರ್ನಿಯಾ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳ ಸಂಶೋಧಕರು ಟಿ.ವಿ. ಕ್ರೀಡಾ ಸುದ್ದಿಯನ್ನು 30 ವರ್ಷ ಅಳೆಯುತ್ತ ಬಂದಿದ್ದಾರೆ. 2019ರಲ್ಲೂ ಸುಮಾರು ಶೇ 95ರಷ್ಟು ಹೊತ್ತು ಪುರುಷರ ಆಟಕ್ಕೇ ಹೋಗಿತ್ತು. ಇದು ಎಲ್ಲರೂ ಉದ್ಧರಿಸುವ ಅಂಕಿ. ನನಗೆ ನಾಟಿದ್ದು ಅವರ ಇನ್ನೊಂದು ಮಾತು: ಹೆಣ್ಣುಮಕ್ಕಳನ್ನು ಗೇಲಿ ಮಾಡುವುದು, ಮೈ ತೋರಿಸುವುದು ಕಡಿಮೆಯಾಗಿದೆ, ಅದರ ಜಾಗಕ್ಕೆ ಉಪ್ಪು ಖಾರವಿಲ್ಲದ ವರದಿ ಬಂದಿದೆ. ನಮ್ಮಲ್ಲೂ ಹಾಗೇ. ಪುರುಷರ ಪಂದ್ಯದಲ್ಲಿ ‘ಬೌಲರ್‌ಗಳ ಬೆವರಿಳಿಸಿದ’, ‘ಕ್ರೀಡಾಂಗಣ ಹುಚ್ಚೆದ್ದು ಕುಣಿಯಿತು’. ಮಹಿಳೆಯರ ಪಂದ್ಯದಲ್ಲಿ ‘ಉತ್ತಮ ಪ್ರದರ್ಶನ ನೀಡಿದರು’. ಈ ‘ಉತ್ತಮ ಪ್ರದರ್ಶನ’ ಎಂಬ ಪದವನ್ನೂ ಇವತ್ತಿಗೆ ನಿಷೇಧಿಸಿದ್ದೇನೆ.

ಉದಾಹರಣೆಗೆ 2024ರ ಮಾರ್ಚ್ 17. ದಿಲ್ಲಿಯಲ್ಲಿ ಡಬ್ಲ್ಯುಪಿಎಲ್ ಫೈನಲ್. ಡೆಲ್ಲಿ ಕ್ಯಾಪಿಟಲ್ಸ್ ವಿಕೆಟ್ ಬೀಳದೆ 64. ಎಂಟನೇ ಓವರ್‌ಗೆ ಸೋಫಿ ಮೊಲಿನೊ ಬಂದರು. ಮೊದಲ ಎಸೆತಕ್ಕೆ ಶಫಾಲಿ ವರ್ಮಾ, ಮೂರನೆಯದಕ್ಕೆ ಜೆಮಿಮಾ, ನಾಲ್ಕನೆಯದಕ್ಕೆ ಅಲಿಸ್ ಕ್ಯಾಪ್ಸಿ. ಆಮೇಲೆ ನಮ್ಮ ಶ್ರೇಯಾಂಕಾ ಪಾಟೀಲ 12 ರನ್‌ಗೆ 4 ವಿಕೆಟ್ ಕಿತ್ತರು. 113ಕ್ಕೆ ಎಲ್ಲ ಮುಗಿಯಿತು, ಆರ್‌ಸಿಬಿ ಕಪ್ ಎತ್ತಿತು. ಇಂಥ ಓವರ್ ವರದಿಗಾರನಿಗೆ ವರ್ಷಕ್ಕೊಮ್ಮೆ ಸಿಗುತ್ತದೆ. ಮರುದಿನ ಟಿ.ವಿ., ಪತ್ರಿಕೆ, ಮೊಬೈಲ್ ಎಲ್ಲ ಕಡೆ ಏನಿತ್ತು? 16 ವರ್ಷಗಳ ಕಾಯುವಿಕೆ ಅಂತ್ಯ. ಗಂಡುಮಕ್ಕಳಿಂದ ಆಗದ್ದನ್ನು ಹೆಣ್ಣುಮಕ್ಕಳು ಮಾಡಿದರು. ಕೊಹ್ಲಿ ವಿಡಿಯೊ ಕಾಲ್. ಕಾಯುತ್ತಿದ್ದದ್ದು ಪುರುಷರ ತಂಡ. ಸ್ಮೃತಿ ಮಂದಾನ ಅವರ ತಂಡ ಹುಟ್ಟಿ ಎರಡೇ ಸೀಸನ್ ಆಗಿತ್ತು, ಅದು ಯಾರ ಬರವನ್ನೂ ನೀಗಿಸಲು ಆಡಿದ್ದಲ್ಲ. ಮೈದಾನದಲ್ಲೇ ಇಲ್ಲದ ಹನ್ನೊಂದು ಜನರ ಸುತ್ತ ಸುದ್ದಿ ಕಟ್ಟಿದೆವು. ‘ಈ ಸಲ ಕಪ್ ನಮ್ದೇ’ ಎಂಬುದರಲ್ಲಿ ‘ನಮ್ದು’ ಎಂದರೆ ಯಾರದ್ದು ಎಂಬುದು ನಮಗೇ ತಿಳಿದಿರಲಿಲ್ಲ.

2017ರ ಜುಲೈ 15ರ ಡರ್ಬಿ ಪಂದ್ಯ ಇನ್ನೊಂದು. ಗೆದ್ದರೆ ವಿಶ್ವಕಪ್ ಸೆಮಿಫೈನಲ್, ಸೋತರೆ ಮನೆ. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70. ವಿಜಯಪುರದ ರಾಜೇಶ್ವರಿ ಗಾಯಕವಾಡ್, ಆ ಟೂರ್ನಿಯ ತಮ್ಮ ಮೊದಲ ಪಂದ್ಯದಲ್ಲಿ, 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಗಂಟುಮೂಟೆ ಕಟ್ಟಿತು. ಒಂದೇ ಪಂದ್ಯದಲ್ಲಿ ಇಬ್ಬರು ಕನ್ನಡತಿಯರು. ಪುರುಷರ ತಂಡದಲ್ಲಿ ಹೀಗಾಗಿದ್ದರೆ ಸ್ಪಿನ್ ಹಿಡಿತದ ಬೆರಳುಗಳ ಗ್ರಾಫಿಕ್ ಮಾಡಿ ಹಾಕುತ್ತಿದ್ದೆವು. ಮಾಡಬೇಕಾದ್ದು ಅದೇ. ಚೆಂಡು ಎಲ್ಲಿ ಬಿತ್ತು, ಎಷ್ಟು ತಿರುಗಿತು, ಬ್ಯಾಟರ್ ಯಾಕೆ ಮುಂದೆ ಬಂದರು, ನಾಯಕಿ ಫೀಲ್ಡರನ್ನು ಎಲ್ಲಿಗೆ ಸರಿಸಿದರು ಎಂಬುದನ್ನು ಬರೆಯಿರಿ.

ಕೆಟ್ಟದಾಗಿ ಆಡಿದರೆ ಅದನ್ನೂ ಬರೆಯಿರಿ. ‘ಪಾಪ, ಹೆಣ್ಣುಮಕ್ಕಳು’ ಎಂದು ಕೈಬಿಟ್ಟ ಕ್ಯಾಚನ್ನು ಮುಚ್ಚಿಡುವುದೂ ಅವಮಾನವೇ. ಸೋಲನ್ನು ‘ಹೃದಯ ಗೆದ್ದರು’ ಎಂಬ ತಲೆಬರಹದಲ್ಲಿ ಬಚ್ಚಿಡಕೂಡದು.

ಎರಡು ದಿನದ ಕಥೆ

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಏಕದಿನ ವಿಶ್ವಕಪ್ ಗೆದ್ದಾಗ ನಾವು ಪುಟಗಟ್ಟಲೆ ಬರೆದೆವು, ಚೆನ್ನಾಗಿಯೇ ಬರೆದೆವು. ದೀಪ್ತಿ ಶರ್ಮಾ ಅವರ 58 ರನ್ ಮತ್ತು ಐದು ವಿಕೆಟ್, ಶಫಾಲಿಯ 87 ಎಲ್ಲ ಸರಿಯಾಗಿ ಬಂತು. ಮೂರು ವಾರ ಕಳೆಯಿತು. ನವೆಂಬರ್ 23ರಂದು ಕೊಲಂಬೊದಲ್ಲಿ ಭಾರತದ ಅಂಧ ಮಹಿಳೆಯರ ತಂಡ ಮೊತ್ತಮೊದಲ ಟಿ20 ವಿಶ್ವಕಪ್ ಗೆದ್ದಿತು. ಮರುದಿನ ಢಾಕಾದಲ್ಲಿ ಮಹಿಳಾ ಕಬಡ್ಡಿ ತಂಡ ಚೈನೀಸ್ ತೈಪೆಯನ್ನು 35–28ರಿಂದ ಮಣಿಸಿ ವಿಶ್ವಕಪ್ ಗೆದ್ದಿತು. ಎರಡು ದಿನ, ಎರಡು ವಿಶ್ವಕಪ್. ಆ ಎರಡು ದಿನ ದೇಶದ ಕ್ಯಾಮೆರಾಗಳೆಲ್ಲ ಒಬ್ಬ ಆಟಗಾರ್ತಿಯ ಮುಂದೂಡಿದ ಮದುವೆಯ ಗೇಟಿನ ಮುಂದೆ ನಿಂತಿದ್ದವು. ಹೆಸರು ಬರೆಯುವುದಿಲ್ಲ. ಬರೆದರೆ ನಾನೂ ಅದೇ ಗೇಟಿನ ಮುಂದೆ ನಿಂತಂತೆ.

ನಿಯಮ: ಆಟಗಾರ್ತಿಯ ಮದುವೆ, ಮುರಿದ ಮದುವೆ, ಸ್ನೇಹ, ಇನ್‌ಸ್ಟಾಗ್ರಾಂನಿಂದ ಅಳಿಸಿದ ಫೋಟೊ ನಮ್ಮ ಪುಟದ ಸುದ್ದಿಯಲ್ಲ. ಅವರೇ ಹೇಳಿಕೆ ಕೊಟ್ಟರೆ ನಾಲ್ಕು ಸಾಲು, ಅವರ ಮಾತಿನಲ್ಲೇ. ‘ಮೂಲಗಳ ಪ್ರಕಾರ’ ಎಂಬುದು ಇಲ್ಲಿ ನಡೆಯುವುದಿಲ್ಲ. ವೆಬ್‌ಸೈಟ್‌ನವರು ಕ್ಲಿಕ್ ಲೆಕ್ಕ ತೋರಿಸುತ್ತಾರೆಂದು ಗೊತ್ತು. ಲೆಕ್ಕ ನನ್ನ ಮೇಜಿಗೆ ತನ್ನಿ, ಜವಾಬು ನಾನು ಕೊಡುತ್ತೇನೆ.

ಫೋಟೊ

ಕಂಠೀರವದಲ್ಲಿ ಒಂದು ಸಂಜೆ ಲಾಂಗ್‌ಜಂಪ್. ನಮ್ಮ ಫೋಟೊಗ್ರಾಫರ್ ನಲವತ್ತು ಫ್ರೇಮ್ ತಂದಿದ್ದರು. ಒಂದರಲ್ಲಿ ಹುಡುಗಿ ಗಾಳಿಯಲ್ಲಿ, ಎರಡೂ ಕಾಲು ಮುಂದೆ, ಬಾಯಿ ತೆರೆದಿದೆ, ಹಿಂದೆ ಅಳತೆ ಟೇಪು ಹಿಡಿದ ಅಧಿಕಾರಿ ಬಗ್ಗಿದ್ದಾರೆ. ಅದ್ಭುತ ಚಿತ್ರ. ಡೆಸ್ಕ್ ಆರಿಸಿದ್ದು ಆಕೆ ಎದ್ದು ಬಗ್ಗಿ ಮರಳು ಕೊಡವಿಕೊಳ್ಳುತ್ತಿರುವುದನ್ನು. ಕೇಳಿದರೆ, ‘ಇದರಲ್ಲಿ ಮುಖ ಚೆನ್ನಾಗಿ ಬಂದಿದೆ ಸಾರ್.’ ಅವರು ಆರಿಸಿದ ಚಿತ್ರದಲ್ಲಿ ಮುಖವೇ ಇರಲಿಲ್ಲ.

ಆಡುತ್ತಿರುವ ಚಿತ್ರಕ್ಕೆ ಮೊದಲ ಆದ್ಯತೆ. ಅದೇ ಕೋನದಲ್ಲಿ ನೀರಜ್ ಚೋಪ್ರಾ ಫೋಟೊ ಹಾಕುತ್ತೀರಾದರೆ ಹಾಕಿ, ಇಲ್ಲವಾದರೆ ಬೇಡ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಸಾರದ ಹೊಣೆ ಹೊತ್ತವರು ಕ್ಯಾಮೆರಾದವರಿಗೆ ಇದನ್ನೇ ಹೇಳಬೇಕಾಯಿತು: ಗಂಡಸರನ್ನು ಹಿಡಿಯುವಂತೆಯೇ ಹೆಂಗಸರನ್ನೂ ಹಿಡಿಯಿರಿ ಎಂದು. ಸೀರೆಯುಟ್ಟ, ಇನ್‌ಸ್ಟಾದಿಂದ ಎತ್ತಿದ ಚಿತ್ರವನ್ನು ಪಂದ್ಯದ ವರದಿಗೆ ಅಂಟಿಸಬೇಡಿ. ‘ಹಾಟ್ ಗ್ಯಾಲರಿ’ ಫೋಲ್ಡರ್ ಇನ್ನೂ ಸರ್ವರ್‌ನಲ್ಲಿದೆ ಎಂದು ಕೇಳಿದೆ. ಸೋಮವಾರದೊಳಗೆ ಅಳಿಸಿ.

ಲಿಂಗ ಪರೀಕ್ಷೆ

ಇಲ್ಲಿ ರಿಯಾಯಿತಿಯೇ ಇಲ್ಲ. 2006ರ ದೋಹಾ ಏಷ್ಯನ್ ಗೇಮ್ಸ್ ನಂತರ ಶಾಂತಿ ಸೌಂದರರಾಜನ್ ಅವರ ಬೆಳ್ಳಿ ಹೋಯಿತು, ಅವರ ದೇಹದ ವಿವರ ಊರೂರಿನ ಟಿ.ವಿ.ಗಳಲ್ಲಿ ಬಂತು. 2014ರಲ್ಲಿ ದ್ಯುತಿ ಚಾಂದ್ ಅವರನ್ನು ಹೊರಗಿಟ್ಟಾಗಲೂ ಅದೇ ಕುತೂಹಲ. ದ್ಯುತಿ ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ತಮ್ಮನ್ನು ಹೊರಗಿಟ್ಟ ನಿಯಮಕ್ಕೇ ತಡೆ ತಂದರು. ವೈದ್ಯಕೀಯ ವರದಿ ಸೋರಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ, ಬರೆಯಬೇಡಿ, ನನಗೆ ಫೋನ್ ಮಾಡಿ. ನಿಯಮ ಏನು, ತೀರ್ಪು ಏನು ಎಂದಷ್ಟೇ ಬರೆಯುವುದು. ‘ಅವಳಾ, ಅವನಾ’ ಎಂಬ ಪ್ರಶ್ನೆಚಿಹ್ನೆ ಹಾಕಿದವರು ಮರುದಿನ ಈ ವಿಭಾಗದಲ್ಲಿರುವುದಿಲ್ಲ.

ಜಾಗ

‘ಯಾರು ಓದ್ತಾರೆ ಸಾರ್’ ಎಂಬ ಮಾತು ಸಂಪಾದಕೀಯ ಸಭೆಯಲ್ಲಿ ಮತ್ತೆ ಕೇಳಬಾರದು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ಭಾರತ–ಆಸ್ಟ್ರೇಲಿಯಾ ಮಹಿಳಾ ಟಿ20 ಫೈನಲ್ ನೋಡಲು 86,174 ಜನ ಬಂದಿದ್ದರು.

ರಾಜ್ಯ ತಂಡ ಆಡುವ ಮಹಿಳಾ ಪಂದ್ಯಕ್ಕೆ ನಮ್ಮ ವರದಿಗಾರರೇ ಹೋಗಬೇಕು, ಸಂಘಟಕರು ಕಳಿಸಿದ ಇ–ಮೇಲ್ ಸುದ್ದಿ ಸಾಲದು. ಸ್ಕೋರ್ ಪಟ್ಟಿ ಪೂರ್ತಿ ಬರಲಿ. ಜಾಹೀರಾತು ಬಂದು ಜಾಗ ಕಡಿಮೆಯಾದಾಗ ಮೊದಲು ಹಾರುವುದು ಮಹಿಳಾ ಪಂದ್ಯ ಎಂಬ ಬರೆಯದ ನಿಯಮ ರದ್ದು. ಆ ರಾತ್ರಿ ಐಪಿಎಲ್ ನೆಟ್ ಪ್ರಾಕ್ಟೀಸ್‌ನ ಫೋಟೊ ಹಾರಲಿ. ಮಾರ್ಚ್ 8ಕ್ಕೆ ಗುಲಾಬಿ ಬಣ್ಣದ ವಿಶೇಷ ಪುಟ ಮಾಡಿ ಉಳಿದ 364 ದಿನ ಸಿಂಗಲ್ ಕಾಲಂ ಕೊಡುವುದೂ ನಿಲ್ಲಲಿ.

ಮುಖ್ಯ ಉಪಸಂಪಾದಕರ ಮೇಜಿನ ಮೇಲೆ ಹಸಿರು ರಟ್ಟಿನ ರಿಜಿಸ್ಟರ್ ಇದೆ, ಪಕ್ಕದಲ್ಲಿ ಸ್ಕೇಲ್ ಇದೆ. ರಾತ್ರಿ ಪಾಳಿಯವರು ಪುಟ ಕಳಿಸಿದ ಮೇಲೆ ಪುರುಷರ ಸುದ್ದಿ ಎಷ್ಟು ಕಾಲಂ ಸೆಂಟಿಮೀಟರ್, ಮಹಿಳೆಯರದ್ದು ಎಷ್ಟು ಎಂದು ಅಳೆದು ಬರೆದು ಸಹಿ ಹಾಕಬೇಕು. ಅಂದಾಜಿನಲ್ಲಿ ಬರೆಯಬೇಡಿ, ನಾನು ಸೋಮವಾರ ಸ್ಕೇಲ್ ಹಿಡಿದು ಮತ್ತೆ ಅಳೆಯುತ್ತೇನೆ.

ಈ ಕಾಗದದ ಮೇಲೆ ಕ್ಯಾಂಟೀನ್ ಮೆನು ಅಂಟಿಸಬೇಡಿ. ಹಿಂದಿನ ಸೂಚನೆಗೆ ಹಾಗೇ ಆಗಿತ್ತು.